ಬರಣಿ ನಂಬರ್ ಹದಿನೇಳು

ಶಹಾಬಾದಿನ ನಮ್ಮ ಕಾಲೇಜಿನಾಗ
ಪ್ರಾಣಿಶಾಸ್ತ್ರದ ಖೋಲಿ, ಮೂರನೇ ಕಪಾಟು.
ಎಡಕ್ಕ ಮಂಡಲದ ಹಾವು, ಬಲಕ್ಕ ಕಣ್ಣು ತೆರಿಯದ ಕುರಿಮರಿ,
ನಡುವ ಹದಿನೇಳನೇ ಬರಣಿ.
ಅದರಾಗ ನನ್ನ ಮೀನು.
ನನ್ನದು ಯಾಕಂದ್ರ, ತಂದವ ನಾನ.

ಹುಡುಗರು ಚೀಟಿ ಓದಿ ನಗ್ತಾವ:
'ಶಾರ್ಕ್ ಅಂತ ನೋಡೋ, ಇಷ್ಟಾ?'
ಸಿನಿಮಾದಾಗ ದೋಣಿ ನುಂಗಿದ್ದು ಕಂಡವರು
ಮೊಳದುದ್ದದ ಇದರ ಬಾಯಾಗ ಹಲ್ಲು ಹುಡುಕ್ತಾರ.
ಹಲ್ಲು ಅವ. ಜೋಳದ ನುಚ್ಚಿನಷ್ಟು.
ಸಿಗಡಿಗಿ ಸಾಕು, ಸಣ್ಣ ಏಡಿಗಿ ಸಾಕು.
ಮನಷಾರ ತಂಟೆಗಿ ಬರೋ ಜಾತಿ ಅಲ್ಲ ಅದು.
ಹಗಲೆಲ್ಲ ಬಂಡೆಸಂದಿನಾಗ ಮಲಗಿ
ರಾತ್ರಿ ತಳ ಮೂಸ್ಕೋತ ಹೊಂಡ್ತದಂತ.
ಒಂದು ಪುಸ್ತಕದಾಗ ನಾಯಿ ಅಂತ ಬರದಾರ,
ಇನ್ನೊಂದರಾಗ ಬೆಕ್ಕು.
ಬೊಗಳಿದ್ದು ನಾ ಕೇಳಿಲ್ಲ. ಪರಚಿದ್ದೂ ಇಲ್ಲ.

ಎಂಬತ್ತೊಂಬತ್ತನೇ ಇಸ್ವಿ, ಡಿಸೆಂಬರ್.
'ಮಶಾಕ, ಮುಂಬೈಗಿ ಅಕ್ಕನ ಮನಿಗಿ ಹೊಂಟಿ,
ಬರೋವಾಗ ಬಂದರದಾಗ ಒಂದು ತಾ. ಸತ್ತದ್ದು. ತಾಜಾ'
ಅಂದ್ರು ಗುಂಡೇರಾವ್ ಸರ್.
ಮೀನು ಮಾರೋ ಮೌಶಿ ರೊಕ್ಕ ಮುಟ್ಟಲಿಲ್ಲ.
'ಇದನ್ನ ಯಾರು ತಿಂತಾರ, ಫುಕಟ್ ಒಯ್ಯಿ.'
ಹಸಿ ಗೋಣಿ, ಜನರಲ್ ಡಬ್ಬಿ, ಸೀಟಿನ ಕೆಳಗ.
ವಾಸನಿಗಿ ಮಂದಿ ಬೈದಾರಂತ
ಪುಣೆದಾಗ ಒಂದು ತಂಬಿಗಿ ನೀರು ಹೊಯ್ದೆ,
ಸೊಲ್ಲಾಪುರದಾಗ ಇನ್ನೊಂದು.

ಮುಂಜಾನಿ ಒಂಬತ್ತಕ್ಕ ಗೋಣಿ ಬಿಚ್ಚಿದೆ.
ಕಿವಿರಿನ ಐದು ಸೀಳು ತೆರೆದವು.
ಮುಚ್ಚಿದವು.
ತೆರೆದವು.

ಯಾ ಅಲ್ಲಾ.

ಮುಂದಿನ ಎರಡು ರೆಕ್ಕಿ ಊರಿ
ಟೇಬಲ್ಲಿನ ಪರಸಿಗಲ್ಲಿನ ಮ್ಯಾಲ
ಎರಡು ಹೆಜ್ಜಿ ನಡೀತು ಅದು. ಹೌದು, ನಡೀತು.
ಕಾಗದ ಹಾರಬಾರದಂತ ಇಟ್ಟ ಕಲ್ಲಿನ ಕೆಳಗ
ಮುಸುಡಿ ತೂರಿಸಿ ಸುಮ್ಮನಾತು,
ಮನಿ ಸಿಕ್ಕವರಂಗ.

ಕಾಗಿಣಾ ಹೊಳಿ ಹತ್ತರ, ಖರೆ. ಆದ್ರ ಸಿಹಿನೀರು.
ಓಡಿಹೋಗಿ ಕಿರಾಣಿ ಅಂಗಡ್ಯಾಗ ಎರಡು ಕಿಲೋ ಉಪ್ಪು ತಂದು
ಬಕೀಟಿನಾಗ ಸಮುದ್ರ ಕಲಿಸಿದೆ.
ಸಮುದ್ರ ಹಂಗ ಆಗಲ್ಲ.
ಸರ್ ಬಂದದ್ದು ಹನ್ನೊಂದಕ್ಕ.
'ಭಾಳ ತಾಜಾ ಅದಲ್ಲೋ' ಅಂದ್ರು, ಖುಷಿಲೆ.

ಅಬ್ಬಾ ಖಣಿಯಾಗ ಪರಸಿ ಎಬ್ಬಿಸ್ತಿದ್ದ.
ಉಳಿ ಇಟ್ಟು ಹೊಡೆದ್ರ ಕಲ್ಲು ಪದರ ಪದರ ಬಿಡ್ತಿತ್ತು,
ಒಮ್ಮೊಮ್ಮೆ ಪದರದ ಮ್ಯಾಲ ಅಲೆಯ ಗೆರಿ.
'ಇಲ್ಲಿ ನೀರು ಮಲಗಿತ್ತು ಮಗಾ' ಅಂತಿದ್ದ,
ಆ ಕಲ್ಲು ಮಾರದೆ ಬಾಜೂಕ ಇಡ್ತಿದ್ದ.
ಸರ್ ಒಮ್ಮೆ ಲೆಕ್ಕ ಹೇಳಿದ್ರು:
ಈ ಊರು ಸಮುದ್ರದ ತಳ, ಕೋಟಿ ಕೋಟಿ ವರ್ಷದ ಹಿಂದ,
ಆಗಿನ್ನ ಮೀನ ಹುಟ್ಟಿರಲಿಲ್ಲ.
ಅಂದ್ರ ಹದಿನೇಳನೇದು ಬರೋದು
ಸ್ವಲ್ಪ ಲೇಟಾತು, ಅಷ್ಟ.

ಮೂವತ್ತೊಂದು ಬ್ಯಾಸಗಿ ಅದರ ಔಷಧ ಇಳಿದಾಗೆಲ್ಲ ತುಂಬೀನಿ.
ನಲವತ್ನಾಲ್ಕು ಡಿಗ್ರಿದಾಗ ಬರಣಿ ಮುಟ್ಟಿದ್ರ ಚಹಾದ ಕಪ್ಪು.
ರಿಟೈರ್ ಆಗೋ ವಾರದಾಗ ಮನಿಯಿಂದ
ಅಬ್ಬಾ ಇಟ್ಟ ಪರಸಿಯ ಒಂದು ತುಂಡು, ಅಂಗೈಯಗಲ,
ಒಳಗ ವಾರಿ ಮಾಡಿ ನಿಲ್ಲಿಸಿದೆ,
ಮುಸುಡಿ ಅದರ ಮರಿಗಿ ಬರೋ ಹಂಗ.

ಹೊಸ ಮೇಡಂ ವೈಜಯಂತಿ ಚಷ್ಮಾ ಏರಿಸಿ ನೋಡಿದ್ರು.
'ಕಲ್ಲು ಯಾರು ಹಾಕಿದ್ದು?'
ನೌಕರಿ ಮುಗಿಯಾಕ ಇನ್ನೂ ಎರಡು ದಿನ. ಸುಮ್ಮನಿದ್ದೆ.
'ಚಲೋ ಆತು. ಫಾರ್ಮಾಲಿನ್ ಹುಳಿ ಆಗ್ತದಲ್ಲ,
ಸುಣ್ಣದ ಕಲ್ಲು ಆ ಹುಳಿ ಮುರೀತದ.'
'ಹೌದ್ರಿ' ಅಂದೆ, ಗೊತ್ತಿದ್ದವರಂಗ.

ಕಲ್ಲಿನಿಂದ ಒಂದೊಂದು ಗುಳ್ಳಿ ಎದ್ದು
ಐದು ಸೀಳಿನ ಮುಂದ ಹಾದು
ಮುಚ್ಚಳದ ಕೆಳಗ ಒಡೀತಿತ್ತು.
ಬರಣಿ ಒರಸಿ, ಚೀಟಿ ಮುಂದ ಮಾಡಿ,
ಕೀಲಿಕೈ ಮೇಡಂ ಕೈಯಾಗ ಕೊಟ್ಟೆ.